ಅನ್ನವಲ್ಲದ ಊಟ

ಕಲ್ಲುಗುಂಡಿಯ ನಮ್ಮ ಮನೆಯಲ್ಲಿ ಅನ್ನ ಬಸಿಯುವುದಕ್ಕೆ ಹೆಂಗಸಿನ ಕೈಯೇ ಆಗಬೇಕಿತ್ತು. ನನ್ನ ಗಂಡ ರಸ್ತೆ ಬದಿಯ ತಮ್ಮ ಜೀನಸಿನ ಅಂಗಡಿಯಲ್ಲಿ ಸಕ್ಕರೆ ಮೂಟೆಯನ್ನು ಒಬ್ಬರೇ ಎತ್ತಿ ಹಾಕುತ್ತಿದ್ದರು. ಇಬ್ಬರು ಮೈದುನಂದಿರೂ ಗಟ್ಟಿ ಆಳುಗಳೇ. ಆದರೆ ಬೆಂದ ಅನ್ನದ ಪಾತ್ರೆಯನ್ನು ಒಲೆಯಿಂದ ಇಳಿಸಿ, ಬಾಯಿಗೆ ಮುಚ್ಚಳ ಒತ್ತಿ, ಬಗ್ಗಿಸಿ ತೆಳಿ ಹರಿಸುವ ಹೊತ್ತಿಗೆ ಮೂವರ ಕೈಯ ಬಲವೂ ಎಲ್ಲಿಗೋ ಹೋಗಿಬಿಡುತ್ತಿತ್ತು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಸುಳ್ಯದ ಒಂದು ಶಾಲೆಯಲ್ಲಿ ಟೀಚರು. ಬೆಳಗಿನ ಅಡುಗೆ ಮುಗಿಸಿ ಬಸ್ಸು ಹತ್ತಿದರೆ ಸಂಜೆ ಕತ್ತಲಾಗುವ ಹೊತ್ತಿಗೆ ಮನೆ. ರಾತ್ರಿಯ ಅನ್ನ ಅತ್ತೆಯದು. ಕುಚ್ಚಲಕ್ಕಿ ಬೇಯಲು ಒಂದೂವರೆ ಗಂಟೆಯಾದರೂ ಬೇಕು, ನಾನು ಬಂದ ಮೇಲೆ ಇಟ್ಟರೆ ಉಣ್ಣುವವರು ಹಸಿದೇ ನಿದ್ದೆ ಹೋಗಬೇಕಷ್ಟೆ. ಬೇಗ ಬೇಯುವ ಬೆಳ್ತಿಗೆ ಅಕ್ಕಿಯ ಬಿಳಿ ಅನ್ನ ಮಾಡಿದರೆ ಮೈದುನಂದಿರು ಉಂಡೆದ್ದು, ಊಟ ಯಾವಾಗ ಎಂದು ಕೇಳುವವರು.

ಆ ಮಳೆಗಾಲದಲ್ಲಿ ಅತ್ತೆ ಪಾಚಿಯ ಮೇಲೆ ಜಾರಿ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡರು. ಪುತ್ತೂರಿನ ಡಾಕ್ಟರು ಪ್ಲಾಸ್ಟರು ಹಾಕಿ, ಇದನ್ನು ಬಿಚ್ಚಿದ ಮೇಲೂ ಈ ಕೈ ಭಾರ ಎತ್ತಲಿಕ್ಕಿಲ್ಲ ಎಂದರು. ನಾನು ರಜೆ ಹಾಕಿದೆ. ಸುದ್ದಿ ಕೇಳಿ ಈಶ್ವರಮಂಗಲದಿಂದ ಗಂಡನ ಅಕ್ಕ, ನನ್ನ ಅತ್ತಿಗೆ, ಗಂಟು ಕಟ್ಟಿಕೊಂಡು ಬಂದರು. ತಾಯಿಯ ಕೈ ನೋಡಿದ್ದು ಒಂದು ಗಳಿಗೆ, ಆಮೇಲೆ ನೋಡಿದ್ದೆಲ್ಲ ನನ್ನನ್ನೇ.

"ಇನ್ನು ಶಾಲೆ ಎಂತಕ್ಕೆ? ರಜೆ ಮುಗಿದ ಕೂಡಲೇ ಹೋಗಿ ಕೆಲಸ ಬಿಡುದು ಅಂತ ಹೇಳಿ ಬರ್ಲಿ. ಈ ಮನೆಗೆ ಟೀಚರಮ್ಮ ಬೇಕಾ, ಸೊಸೆ ಬೇಕಾ?" ಎಂದು ತಮ್ಮನ ಎದುರು ಹೇಳಿದರು.

ನಾನು ಶಾಲೆ ಬಿಡುವುದಿಲ್ಲ ಎಂದು ಹೇಳಿ ಗಂಡನ ಮುಖ ನೋಡಿದೆ. ಅವರು "ನೋಡುವ" ಎಂದರು. ನಮ್ಮ ಕಡೆ ಗಂಡಸರು 'ನೋಡುವ' ಎಂದರೆ 'ಆಗುವುದಿಲ್ಲ' ಎಂದೇ ಅರ್ಥ, ಮರ್ಯಾದೆಗೆ ಹಾಗೆ ಹೇಳುವುದು. ನನಗೆ ಮೈಯೆಲ್ಲ ಉರಿಯಿತು. ಆ ಕೆಲಸಕ್ಕಾಗಿ ಮದುವೆಗೆ ಮುಂಚೆ ಎಷ್ಟು ಅಲೆದಿದ್ದೆ, ಮಕ್ಕಳಿಗೆ ಮಗ್ಗಿ ಹೇಳಿಕೊಡುವಾಗ ನನ್ನ ಸ್ವರ ನನಗೇ ಎಷ್ಟು ಚಂದ ಕೇಳುತ್ತಿತ್ತು ಎಂಬುದೆಲ್ಲ ಇವರಿಗೇನು ಗೊತ್ತು? ಒಂದು ಪಾತ್ರೆ ಬಗ್ಗಿಸಲು ಜನವಿಲ್ಲ ಎಂದು ಅದನ್ನು ಬಿಡಬೇಕೇ?

ಅತ್ತೆಗೆ ಅವರದೇ ಸಂಕಟವಿತ್ತು. ಬಲಗೈ ಪ್ಲಾಸ್ಟರಿನಲ್ಲಿ, ಎಡಗೈ ಅನ್ನಕ್ಕೆ ತಾಗಬಾರದು. ಚಮಚ ಕೊಡಲೇ ಎಂದು ಕೇಳಿದ್ದಕ್ಕೆ, "ಚಮಚ ಹಿಡಿದ್ರೂ ಕೈ ಎಡಗೈಯೇ ಅಲ್ವಾ ಮಗಾ?" ಎಂದಿದ್ದರು. ಚಾ ಮಾತ್ರ ಎಡಗೈಯಲ್ಲಿ ಕುಡಿಯುತ್ತಿದ್ದರು, ಅನ್ನವಾಗಲಿ ಗಂಜಿಯಾಗಲಿ ನಾನೋ ಅತ್ತಿಗೆಯೋ ತಿನ್ನಿಸಬೇಕಿತ್ತು. ಊರಿಗೆಲ್ಲ ಬಡಿಸಿದ ಹೆಂಗಸು, ಮಕ್ಕಳ ಎದುರು ಬಾಯಿ ತೆರೆದು ಕೂರಲಾರದೆ ನಾಲ್ಕು ತುತ್ತಿಗೇ ಹೊಟ್ಟೆ ತುಂಬಿತೆಂದು ಎದ್ದುಬಿಡುತ್ತಿದ್ದರು. ದಿನದಿಂದ ದಿನಕ್ಕೆ ಸೊರಗುತ್ತಿದ್ದರು.

ಆಗ ನನಗೆ ನೆನಪಾದದ್ದು ಡಬ್ಬಿಯ ಅಡಿಯಲ್ಲಿದ್ದ ಎರಡು ಪೊಟ್ಟಣ ಮ್ಯಾಕರೋನಿ. ಬೊಂಬಾಯಿಯಲ್ಲಿದ್ದ ನನ್ನ ಅಕ್ಕ ಬೇಸಿಗೆ ರಜೆಗೆ ಬಂದಾಗ ಕೊಟ್ಟು ಹೋದದ್ದು. "ತರಕಾರಿ ಜೊತೆ ಒಂದೇ ಪಾತ್ರೆಗೆ ಹಾಕು, ಬೇಯಿಸು, ಸೂಪು ಆಯ್ತು. ಬಸಿಯುದೂ ಇಲ್ಲ, ಎಂತದೂ ಇಲ್ಲ" ಎಂದಿದ್ದಳು. ಬಸಿಯುವುದಿಲ್ಲ! ಆ ಮಾತಿನ ಬೆಲೆ ಆಗ ನನಗೆ ಗೊತ್ತಾಗಿರಲಿಲ್ಲ.

ಮೊದಲ ಪೊಟ್ಟಣವನ್ನು ಒಡೆದ ದಿನ ಅತ್ತೆ ಒಲೆಯ ಪಕ್ಕ ಮಣೆ ಹಾಕಿ ಕುಳಿತರು. ಒಂದು ತುಂಡನ್ನು ಎತ್ತಿ ಬೆಳಕಿಗೆ ಹಿಡಿದು, "ಇದಕ್ಕೆ ತೂತು ಯಾಕೆ ಉಂಟು?" ಎಂದರು. ನನಗೂ ಗೊತ್ತಿರಲಿಲ್ಲ. ಕುದಿಯುವ ನೀರಿಗೆ ಸುರಿದೆ. ಸ್ವಲ್ಪ ಹೊತ್ತಿಗೇ ಮೆತ್ತಗಾಯಿತು. ಇಳಿಸಲು ಹೋದರೆ ಅತ್ತೆ ಬಿಡಲಿಲ್ಲ.

"ಇಷ್ಟು ಬೇಗ ಯಾವುದಾದ್ರೂ ಬೇಯ್ತದಾ? ಒಳಗೆ ಹಸಿ ಇರ್ತದೆ, ಹೊಟ್ಟೆ ನೋವು ಬರ್ತದೆ. ಕುದೀಲಿ."

ಹುಟ್ಟಿದಾಗಿನಿಂದ ಕುಚ್ಚಲಕ್ಕಿ ಕಂಡ ನನಗೂ ಆ ಮಾತು ಸರಿಯೆಂದೇ ಕಂಡಿತು. ಸೌದೆ ದೂಡಿದೆ. ಅಕ್ಕಿಗೆ ಕೊಡುವಷ್ಟು ಹೊತ್ತು ಕೊಟ್ಟೆವು. ಕಡೆಗೆ ಅಭ್ಯಾಸ ಬಲದಿಂದ ಮುಚ್ಚಳ ಒತ್ತಿ ಬಸಿಯಲು ಬಗ್ಗಿಸಿದರೆ ಒಂದು ತೊಟ್ಟು ತೆಳಿಯೂ ಇಳಿಯಲಿಲ್ಲ. ಮುಚ್ಚಳ ಎತ್ತಿದೆ. ತೂತೂ ಇಲ್ಲ, ತುಂಡೂ ಇಲ್ಲ, ಪಾತ್ರೆ ತುಂಬ ಮೈದಾದ ಅಂಟು! ಅತ್ತಿಗೆ ಸೌಟು ಹಾಕಿ ಎತ್ತಿದರು. ಪಾತ್ರೆಯೂ ಸೌಟಿನ ಜೊತೆಗೇ ಮೇಲೆ ಬಂತು.

"ಒಳ್ಳೇದಾಯ್ತು ಮಾರಾಯ್ತಿ, ಇದನ್ನು ಶಾಲೆಗೆ ಕೊಂಡೋಗು. ಗೋಡೆಗೆ ಮ್ಯಾಪು ಅಂಟಿಸಬಹುದು" ಎಂದು ಬಿದ್ದು ಬಿದ್ದು ನಕ್ಕರು. ಹಸುವಿನ ಮುಂದಿಟ್ಟರೆ ಅದೂ ಮೂಸಿ ಮುಖ ತಿರುಗಿಸಿತು. ಆ ರಾತ್ರಿ ಅನ್ನವೂ ತಡವಾಯಿತು, ಗಂಡನ ಮುಖವೂ ಊದಿತು.

ಅತ್ತಿಗೆಯ ನಗೆ ಕೇಳಿ ನನ್ನ ಹಠ ಹೆಚ್ಚಿತು. ಸೋತೆ ಎಂದು ಕೂರುವ ಜಾಯಮಾನ ನನ್ನದಲ್ಲ. ರಜೆ ಮುಗಿಯುವ ಭಾನುವಾರ ಎಲ್ಲರೂ ಇರುವಾಗಲೇ ಹೇಳಿದೆ. "ಈಗ ನಾನು ಏನನ್ನೂ ಮುಟ್ಟುವುದಿಲ್ಲ. ಸಂಜೆ ಶಾಲೆಯಿಂದ ನಾನು ದಿನಾ ಬರುವ ಬಸ್ಸಿನ ಹಾರ್ನು ಕೇಳಿದ ಮೇಲೆಯೇ ಅಡುಗೆಮನೆಗೆ ಕಾಲಿಡುವುದು. ರೇಡಿಯೊದಲ್ಲಿ ವಾರ್ತೆ ಮುಗಿಯುವುದರೊಳಗೆ ಎಲ್ಲರಿಗೂ ಊಟ ಬಡಿಸಿದರೆ ನಾಳೆ ಶಾಲೆಗೆ ಹೋಗುತ್ತೇನೆ. ಆಗದಿದ್ದರೆ ಕೆಲಸ ಬಿಡುತ್ತೇನೆ." ಅತ್ತಿಗೆ ತುಂಬ ಸಂತೋಷದಿಂದ ಒಪ್ಪಿದರು.

ಸಂಪಾಜೆ ಕಡೆಗೆ ಹೋಗುವ ಬಸ್ಸು ತಿರುವಿನಲ್ಲಿ ಹಾರ್ನು ಹಾಕಿತು. ಸೆರಗು ಸಿಕ್ಕಿಸಿ ಒಳಗೆ ನುಗ್ಗಿದೆ. ಸೌದೆ ಒಲೆಯ ಗೊಡವೆಗೇ ಹೋಗಲಿಲ್ಲ, ಸೀಮೆಎಣ್ಣೆಯ ಬತ್ತಿ ಸ್ಟವ್ ಹಚ್ಚಿದೆ. ಪಾತ್ರೆಗೆ ತೆಂಗಿನೆಣ್ಣೆ, ಜಜ್ಜಿದ ಬೆಳ್ಳುಳ್ಳಿ, ನೀರುಳ್ಳಿ. ಮಡಿಕೇರಿ ಬಸ್ಸಿನ ಮೇಲೆ ಅಂಗಡಿಗೆ ಇಳಿಯುತ್ತಿದ್ದ ಕ್ಯಾರೆಟ್ಟು, ಬೀನ್ಸು, ಬಟಾಟೆಯನ್ನು ಸಣ್ಣಗೆ ಹೆಚ್ಚಿ ಹಾಕಿದೆ. ನಮ್ಮದೇ ಬೇಲಿಯ ಒಂದು ಹಿಡಿ ಅಲಸಂಡೆಯೂ ಬಿತ್ತು. ಟೊಮೆಟೊ ಹಿಸುಕಿ, ನೀರು ಹೊಯ್ದು, ಉಪ್ಪು ಹಾಕಿ ಮುಚ್ಚಿದೆ. ಹೊರಗೆ ವಾರ್ತೆ ಶುರುವಾಗುವಾಗ ನೀರು ಮರಳುತ್ತಿತ್ತು. ಕೊನೆಯ ಪೊಟ್ಟಣವನ್ನು ಸುರಿದೆ.

ಅತ್ತಿಗೆ ಬಾಗಿಲಿಗೆ ಒರಗಿ ನಿಂತಿದ್ದರು. ಅತ್ತೆ ಮಣೆಯ ಮೇಲಿಂದ ಇಣುಕಿದರು. ತುಂಡುಗಳು ಉಬ್ಬಿ ಮೇಲೆ ಬಂದವು. ಒಂದನ್ನು ತೆಗೆದು ಹಲ್ಲಿಗೆ ಕೊಟ್ಟೆ, ಮೆತ್ತಗಾಗಿತ್ತು, ಆದರೆ ತೂತು ತೂತಾಗಿಯೇ ಇತ್ತು. ಸ್ಟವ್ ಆರಿಸಲು ಕೈ ಹಾಕಿದೆ.

"ಇನ್ನೂ ಕುದೀಲಿ ಮಗಾ, ಹಸಿ ಇರ್ತದೆ" ಎಂದರು ಅತ್ತೆ.

ಆ ಅಡುಗೆಮನೆಯಲ್ಲಿ ಅತ್ತೆಯ ಮಾತಿಗೆ ನಾನು ಅಲ್ಲಿಯವರೆಗೆ ಎದುರಾಡಿದ್ದೇ ಇಲ್ಲ. "ಇಲ್ಲ ಅತ್ತೆ, ಬೆಂದಿದೆ" ಎಂದೆ. ಬತ್ತಿ ಇಳಿಸಿದೆ. ಕಾಳುಮೆಣಸು ಕುಟ್ಟಿ ಉದುರಿಸಿ, ಸೌಟಿನಿಂದ ಬಟ್ಟಲುಗಳಿಗೆ ತೋಡಿ, ಒಂದೊಂದು ಚಮಚ ಇಟ್ಟು ಸಾಲಾಗಿ ಕುಳಿತವರ ಮುಂದೆ ಇಟ್ಟೆ. ರೇಡಿಯೊದಲ್ಲಿ ಹವಾಮಾನ ಹೇಳುತ್ತಿದ್ದರು, ವಾರ್ತೆ ಮುಗಿದಿರಲಿಲ್ಲ.

ಗಂಡ ಒಂದು ಚಮಚ ಬಾಯಿಗಿಟ್ಟರು. ಇನ್ನೊಂದು ಚಮಚ. ದೊಡ್ಡ ಮೈದುನ ಬಟ್ಟಲನ್ನೇ ಎತ್ತಿ ಕುಡಿದು, "ಅತ್ತಿಗೆ, ಇನ್ನೂ ಉಂಟಾ?" ಎಂದು ನನ್ನ ಕಡೆ ಚಾಚಿದ. ನನ್ನ ಅತ್ತಿಗೆ ಮಾತ್ರ, "ರುಚಿಯೇನೋ ಉಂಟು. ಆದ್ರೆ ಇದು ಊಟವಾ?" ಎಂದರು.

ಆಗಲೇ ನಾನು ಅತ್ತೆಯ ಕಡೆ ತಿರುಗಿದೆ, ತಿನ್ನಿಸಲು ಕೂರಬೇಕಿತ್ತಲ್ಲ. ಅವರು ಬಟ್ಟಲನ್ನೇ ನೋಡುತ್ತಿದ್ದರು.

"ಇದು ಅನ್ನ ಅಲ್ಲ ಅಲ್ವಾ?" ಎಂದು ಕೇಳಿದರು.

"ಅಲ್ಲ ಅತ್ತೆ."

"ಗಂಜಿಯೂ ಅಲ್ಲ."

"ಅಲ್ಲ."

"ಹಾಗಾದ್ರೆ ಚಾ ಕುಡಿದ ಹಾಗೆ" ಎಂದು ತಮಗೆ ತಾವೇ ತೀರ್ಪು ಕೊಟ್ಟುಕೊಂಡು ಎಡಗೈಯಲ್ಲಿ ಚಮಚ ಎತ್ತಿದರು. ಒಂದೆರಡು ಹನಿ ಸೀರೆಗೆ ಬಿತ್ತು. ಯಾರೂ ತಿನ್ನಿಸದೆ, ಯಾರಿಗೂ ಬಾಯಿ ತೆರೆಯದೆ, ಅತ್ತೆ ಉಂಡರು. ಬಟ್ಟಲು ಖಾಲಿಯಾಗುವವರೆಗೂ ತಲೆ ಎತ್ತಲಿಲ್ಲ. ಆಮೇಲೆ ಇನ್ನೊಂದು ಸೌಟು ಹಾಕಿಸಿಕೊಂಡರು. ಅತ್ತಿಗೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು, ಅದನ್ನು ಹೇಳದಿದ್ದರೆ ಅನ್ಯಾಯವಾದೀತು.

ಅತ್ತೆ ಚಮಚ ಕೆಳಗಿಟ್ಟು ಮಗನನ್ನು ಕರೆದರು. "ಅಂಗಡಿಗೆ ಇದನ್ನು ತರಿಸಿ ಇಡು. ಕೈ ಸರಿ ಆಗುವವರೆಗೆ ರಾತ್ರಿಗೆ ನನಗೆ ಇದೇ ಸಾಕು. ನಿಮಗೆ ಅನ್ನ ಬೇಕಾದ್ರೆ ಅಕ್ಕಿ ನಾನು ಬೇಯಲಿಕ್ಕೆ ಇಡ್ತೇನೆ. ಬಸಿಯುದು ನೀನು. ಇವಳು ನಾಳೆ ಶಾಲೆಗೆ ಹೋಗ್ಲಿ."

ಅತ್ತಿಗೆಯ ಕಣ್ಣೀರು ಅಲ್ಲಿಗೇ ನಿಂತಿತು. "ಅಮ್ಮಾ! ಗಂಡಸರು ಅನ್ನ ಬಸಿಯುದಾ?"

"ಉಣ್ಣುದು ಗಂಡಸರಲ್ವಾ?" ಎಂದರು ಅತ್ತೆ.

ಗಂಡ ನನ್ನ ಮುಖ ನೋಡಿದರು, ಈ ಸಲ ನಾನು ಸಹಾಯಕ್ಕೆ ಹೋಗಲಿಲ್ಲ. "ಆಯ್ತಮ್ಮ" ಎಂದರು.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಕೊಡೆ, ಬುತ್ತಿ, ಪುಸ್ತಕದ ಚೀಲ ಹಿಡಿದುಕೊಂಡು ಸುಳ್ಯದವರೆಗೆ ನಿಂತೇ ಹೋದೆ. ಅರ್ಧ ದಾರಿಯಲ್ಲಿ ಯಾರೋ ಪುಣ್ಯಾತ್ಮರು ಎದ್ದು, "ಕೂತ್ಕೊಳ್ಳಿ ಟೀಚರೇ" ಎಂದರು. ಬೇಡ ಎಂದೆ. ಆ ದಿನ ನನಗೆ ನಿಲ್ಲುವುದೇ ಚಂದ ಕಂಡಿತು.