ಹಲ್ಲಿಗೆ ಏನು ಹಚ್ಚುತ್ತೀರಿ?

ಹೋದ ವಾರ ನಾಗಪುರದ ಹತ್ತಿರದ ಕಾಮಠಿಯ ಬಸ್ ನಿಲ್ದಾಣದ ಹಿಂದೆ ಯಾರೋ ತವೆಯ ಮೇಲೆ ತಂಬಾಕು ಹುರಿಯುತ್ತಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಿಂತಲ್ಲಿ ನಿಲ್ಲಲಾಗಲಿಲ್ಲ. ಬಂದ ಬಸ್ಸನ್ನೂ ಬಿಟ್ಟು ಅತ್ತಿಂದಿತ್ತ ಓಡಾಡಿದೆ. ಕಾಕು ನೆನಪಾಗಿದ್ದರು...

ಆಗ ನಾನು ನಾಗಪುರದಲ್ಲಿ ನರ್ಸಿಂಗ್ ಓದುತ್ತಿದ್ದೆ. ಕಾಮಠಿಯ ಒಂದು ಓಣಿಯಲ್ಲಿ ಮನೆಮನೆಗೆ ಹೋಗಿ, ಜನರಿಗೆ ಆರೋಗ್ಯದ ಬಗ್ಗೆ ಏನು ಗೊತ್ತು, ಎಂಥ ರೂಢಿಗಳಿವೆ ಎಂದು ಕೇಳಿ ತಿಳಿಯಬೇಕಿತ್ತು. ಅದನ್ನು ನೋಡಿ ಅಲ್ಲಿ ಯಾವ ಶಿಬಿರ ನಡೆಸಬೇಕೆಂದು ನಮ್ಮ ಮೇಡಂ ನಿರ್ಧರಿಸುವವರಿದ್ದರು. ನನ್ನ ಹರುಕುಮುರುಕು ಮರಾಠಿ ಕೇಳಿ, "ಕನ್ನಡದಾಕಿ ಏನವಾ? ಬಾ, ಒಳಗ ಬಾ" ಎಂದು ಕರೆದವರು ಕಾಕು. ವಿಜಯಪುರದ ಕಡೆಯಿಂದ ಮದುವೆಯಾಗಿ ಬಂದವರು, ಇಡೀ ಓಣಿಗೇ ಕಾಕು, ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ.

ತಂಬಾಕಿನ ಚಟವಿದೆಯೇ ಎಂದು ಕೇಳಿದೆ.

"ಥೂ, ನಾವೇನು ತಂಬಾಕು ತಿನ್ನೋ ಹೆಂಗಸರೇನ?"

ಹಾಗೆನ್ನುವಾಗ ಅವರ ತೋರುಬೆರಳು ಕಪ್ಪಾಗಿತ್ತು. ಅದು ಮಿಶ್ರಿ, ಹುರಿದು ಪುಡಿ ಮಾಡಿದ ತಂಬಾಕು. ಅವರ ಪಾಲಿಗೆ ಮಾತ್ರ ಬರೀ ಹಲ್ಲುಪುಡಿ. ಓಣಿಯ ಹೆಂಗಸರೆಲ್ಲ ತಂಬಾಕು ಇಲ್ಲವೆಂದೇ ಹೇಳಿದ್ದರು; ಅವರಿಗೆಲ್ಲ ಮಿಶ್ರಿ ಹುರಿದು ಕೊಡುತ್ತಿದ್ದವರು ಕಾಕು. ಮರುದಿನ ಪ್ರಶ್ನೆ ಬದಲಿಸಿ, ಮತ್ತೆ ಮೊದಲ ಮನೆಯಿಂದ ಸುತ್ತಿದೆ. ಹಲ್ಲಿಗೆ ಏನು ಹಚ್ಚುತ್ತೀರಿ? ಆಗ ಎಲ್ಲರೂ ನಗುತ್ತ ಡಬ್ಬಿ ತೋರಿಸಿದರು.

ಬಾಯಿ ತಪಾಸಣೆಯ ಶಿಬಿರವೇ ಆಗಬೇಕೆಂದು ನಿಶ್ಚಯವಾಯಿತು. ಮಿಶ್ರಿಯಿಂದ ಕ್ಯಾನ್ಸರ್ ಬರಬಹುದೆಂದು ಹೇಳಿದಾಗ ಕಾಕು ಮಿಶ್ರಿ ಹುರಿಯುವ ತವೆಯನ್ನು ಕೈಗೆತ್ತಿಕೊಂಡರು. ಬೂದಿ ಹಾಕಿ ತಿಕ್ಕತೊಡಗಿದರು. ತಿಕ್ಕಿಯೇ ತಿಕ್ಕಿದರು... ಶಿಬಿರದ ದಿನ ತಾವೇ ಬಾಗಿಲು ಬಡಿದು ಎಲ್ಲರನ್ನೂ ಹೊರಡಿಸಿದರು. "ಚಲಾ, ಜಲ್ದಿ ಚಲಾ! ಡಾಕ್ಟರ್ ಹೋಗ್ತಾರ!" ಪಕ್ಕದ ಮನೆಯ ಎಳೆಯ ಸೊಸೆಯ ಕೆನ್ನೆಯೊಳಗೆ, ಮುಂದೆ ಕ್ಯಾನ್ಸರ್‌ಗೆ ತಿರುಗಬಹುದಾದ ಬಿಳಿ ಮಚ್ಚೆ ಕಂಡಿತು. ಹೆದರಿ ಅಳುತ್ತಿದ್ದ ಅವಳನ್ನು ಕಾಕು ತಬ್ಬಿಕೊಂಡು ನಿಂತರು.

"ಕಾಕು, ಈಗ ನಿಮ್ಮ ಪಾಳಿ" ಎಂದೆ.

"ಎಲ್ಲಾರದೂ ಮುಗೀಲಿ ತಂಗಿ. ಹುರಿದು ಕೊಟ್ಟಾಕಿ ನಾನು. ನಾನೇ ಮೊದಲ ಹೋಗಿ ಕುಂಡರಲೇನ?"

ಎಲ್ಲರದೂ ಮುಗಿಯುವಷ್ಟರಲ್ಲಿ ಅವರು ಅಲ್ಲಿರಲಿಲ್ಲ. ನಾನು ಮನೆಗೆ ಹೋದೆ, ಮತ್ತೆ ಮತ್ತೆ ಹೋದೆ. ಪ್ರತಿಸಲ ಒಂದೊಂದು ನೆಪ: ಮಗಳು ಬಂದಿದ್ದಾಳೆ, ಮೊಣಕಾಲು ನೋವು, ಹಬ್ಬ... ಹಾಸ್ಟೆಲ್‌ನಲ್ಲಿ ನನಗೆ ಓದಲಾಗುತ್ತಿರಲಿಲ್ಲ. ಕೊನೆಗೊಂದು ಸಂಜೆ ಕಾಕು ತಾವಾಗಿ ನನ್ನ ಕೈ ಹಿಡಿದು ದವಡೆಯ ಕೆಳಗಿಟ್ಟುಕೊಂಡರು. ಬೆರಳಿಗೆ ಗಟ್ಟಿ ಗಂಟು ಸಿಕ್ಕಿತು.

"ಭಾಳ ದಿನ ಆತು ಇದಕ್ಕ" ಎಂದರು.

ನಾಗಪುರದಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಆಮೇಲೆ ಅವರ ಮಾತು ತೊದಲಿತು. ಆದರೂ ಕಟ್ಟೆಯ ಮೇಲೆ ಕೂತು, ಮಿಶ್ರಿ ಹಚ್ಚಿಕೊಂಡವರು ಕಂಡರೆ ಕೈಸನ್ನೆ ಮಾಡಿ ಕರೆದು, ಸೆರಗು ಸರಿಸಿ ದವಡೆ ತೋರಿಸುತ್ತಿದ್ದರು. ಮಳೆಗಾಲ ಶುರುವಾಗುವ ಹೊತ್ತಿಗೆ ತೀರಿಕೊಂಡರು. ಮಿಶ್ರಿ ಬಿಟ್ಟ ಆ ಸೊಸೆಯ ಮಚ್ಚೆ ಮೆಲ್ಲನೆ ಮಾಸಿತು.

ಈಗ ನಾನು ಕಾಮಠಿಯಲ್ಲೇ ಓಣಿ ಓಣಿ ತಿರುಗುವ ನರ್ಸ್. ಕೇಳುವುದೆಲ್ಲ ಮುಗಿಸಿ ಎದ್ದ ಮೇಲೂ ಹೊಸ್ತಿಲಲ್ಲಿ ಕಾಲು ತಡೆಯುತ್ತದೆ. ಇನ್ನೇನೋ ಕೇಳಬೇಕಿತ್ತು, ಬೇರೆ ಥರ ಕೇಳಬೇಕಿತ್ತು ಎನ್ನಿಸುತ್ತದೆ. ಮನೆಯವರು ಸುಮ್ಮನೆ ನನ್ನ ಮುಖ ನೋಡುತ್ತಾರೆ. "ಮತ್ತೇನವಾ?" ಎಂದು ಕಾಕುವಿನ ಹಾಗೆ ಕನ್ನಡದಲ್ಲಿ ಕೇಳುವವರು ಈ ಊರಲ್ಲಿ ನನಗೆ ಯಾರೂ ಉಳಿದಿಲ್ಲ.