ದಸ್ತಗೀರ್ ಸಾಬ್ರು ಕೇಳಿದ ಪ್ರಶ್ನೆ

ಫೋನಿನಲ್ಲಿ ಮಾತಾಡುವ ಮಷೀನಿಗೂ ನಮಸ್ಕಾರ ಹೇಳುತ್ತಿದ್ದ ಮನುಷ್ಯ ದಸ್ತಗೀರ್ ಸಾಬ್ರು. ವಿಂಡೋಸ್ ಕಂಪನಿಯ ನಂಬರಿಗೆ ಫೋನ್ ಹಚ್ಚಿದಾಗ, ಆ ಕಡೆಯಿಂದ ರೆಕಾರ್ಡ್ ಮಾಡಿಟ್ಟ ಹೆಣ್ಣುದನಿ ಇಂಗ್ಲಿಷಿನಲ್ಲಿ ಶುರುವಾಗುತ್ತಲೇ ಬೆನ್ನು ನೆಟ್ಟಗೆ ಮಾಡಿ ಕೂತು, ‘ನಮಸ್ಕಾರ್ರಿ ಮೇಡಂ, ದಾವಣಗೆರೆಯಿಂದ ದಸ್ತಗೀರ್ ರೀ’ ಎನ್ನುತ್ತಿದ್ದರು. ‘ಅಯ್ಯೋ, ಅದು ಮಷೀನು ಸಾಬ್ರೆ!’ ಎಂದು ನಾನು ನಕ್ಕರೆ, ‘ಇರ್ಲಿ ಬಿಡ್ರಿ ಅಕ್ಕಾರ, ನಮ್ಮ ಬಾಯಿ ಮಷೀನಲ್ಲವಲ್ಲ’ ಎನ್ನುವರು.

ಹರಿಹರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಮದುವೆ ಕಾರ್ಡು, ಪರೀಕ್ಷೆಯ ಅರ್ಜಿ, ಕೋರ್ಟು ಕಚೇರಿಯ ಕಾಗದ ಎಲ್ಲವೂ ಒಂದೇ ಕಂಪ್ಯೂಟರಿನ ಮೇಲೆ ನಡೆಯಬೇಕು. ಅದು ಕೆಟ್ಟರೆ ಟವೆಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ದಾವಣಗೆರೆಗೆ ಹೋಗುತ್ತಿದ್ದೆ. ಕೆ.ಬಿ. ಬಡಾವಣೆಯಲ್ಲಿ ಸಾಬ್ರ ಕಂಪ್ಯೂಟರ್ ರಿಪೇರಿ ಅಂಗಡಿ, ನಾಲ್ಕು ಜನ ನಿಂತರೆ ಐದನೆಯವರು ರಸ್ತೆಯಲ್ಲಿ ನಿಲ್ಲಬೇಕು, ಅಷ್ಟಗಲ. ಮೆಹಂದಿ ಹಚ್ಚಿದ ಗಡ್ಡ, ದಾರ ಕಟ್ಟಿದ ಕನ್ನಡಕ, ಜೇಬಿನಲ್ಲಿ ಪೆನ್ನಿನ ಬದಲು ದೂಳು ಝಾಡಿಸುವ ಬ್ರಷ್ಷು. ಯಾವ ಮಷೀನನ್ನು ಬಿಚ್ಚುವ ಮೊದಲೂ ‘ಬಿಸ್ಮಿಲ್ಲಾ’ ಅಂದೇ ಸ್ಕ್ರೂ ತಿರುವುವರು.

ಮೊದಲ ಸಲ ನನ್ನ ಮದರ್‌ಬೋರ್ಡ್ ಸುಟ್ಟದ್ದು ಸಿಡಿಲಿಗೆ. ಸಾಬ್ರು ಹೊಸ ಬೋರ್ಡ್ ಕೂರಿಸಿದರು. ಸ್ಕ್ರೀನ್ ಬಂತು, ಆದರೆ ನಿಮ್ಮ ವಿಂಡೋಸಿಗೆ ಲೈಸೆನ್ಸ್ ಇಲ್ಲ ಎಂದು ಮೂಲೆಯಲ್ಲಿ ಬರೆದು ಬಂತು. ‘ದುಡ್ಡು ಕೊಟ್ಟು ತಂದದ್ದು ಸಾಬ್ರೆ!’ ಎಂದು ನಾನು ಕೂಗಿದೆ.

‘ಗಾಬರಿ ಬ್ಯಾಡ್ರಿ. ಬೋರ್ಡ್ ಬದ್ಲಾತು ಅಂದ್ರೆ ಅದ್ರ ಲೆಕ್ಕಕ್ಕೆ ಇದು ಬ್ಯಾರೆ ಕಂಪ್ಯೂಟರು. ಕಂಪ್ಯೂಟರ್ ಜೋಡಿನೇ ಬಂದ ಲೈಸೆನ್ಸ್ ಆಗಿದ್ರೆ ಬೋರ್ಡ್ ಜೋಡಿನೇ ಹೋಗ್ತಿತ್ತು. ನೀವು ವಿಂಡೋಸಿನ ಡಬ್ಬಿ ಬ್ಯಾರೆ ತಂದೀರಿ, ಅದು ನಿಮ್ಮ ಸ್ವಂತದ್ದು, ಹೊಸ ಬೋರ್ಡಿಗೂ ನಡೀತೈತೆ. ಆದ್ರೆ ಒಂದು ಹೊತ್ತಿಗೆ ಒಂದೇ ಕಂಪ್ಯೂಟರ್ನಾಗೆ.’

ಆಮೇಲೆ ಲೈಸೆನ್ಸ್ ಚಾಲೂ ಮಾಡಿಸಲು ಕಂಪನಿಗೆ ಫೋನು. ಸ್ಕ್ರೀನಿನ ಉದ್ದನೆಯ ಸಂಖ್ಯೆಯನ್ನು ಗುಂಪು ಗುಂಪಾಗಿ ನಾನು ಓದುವುದು, ಅವರು ಒತ್ತುವುದು. ಕೊನೆಗೆ ಆ ದನಿ ಕೇಳಿತು, ಇದನ್ನು ಎಷ್ಟು ಕಂಪ್ಯೂಟರಿನಲ್ಲಿ ಹಾಕಿದ್ದೀರಿ ಎಂದು. ಸಾಬ್ರು ಫೋನಿನ ಬಾಯಿ ಮುಚ್ಚಿ ನನ್ನನ್ನು ಕೇಳಿದರು: ‘ಎಷ್ಟ್ರಾಗೆ ಹಾಕೀರಿ ಅಕ್ಕಾರ?’ ಒಂದೇ ಅಂದೆ, ಆಗ ಅದು ನಿಜವೇ ಇತ್ತು. ‘ಹಂಗಾದ್ರೆ ನೀವೇ ಒತ್ರಿ. ನಿಮ್ಮ ಜವಾಬು ನಾ ಕೊಡಬಾರ್ದು’ ಎಂದರು.

ಡಬ್ಬಿಯೊಳಗಿದ್ದ ಲೈಸೆನ್ಸ್ ನಂಬರಿನ ಚೀಟಿಯನ್ನು ಅವರೇ ಕಂಪ್ಯೂಟರಿನ ಬದಿಗೆ ಅಂಟಿಸಿಕೊಟ್ಟರು. ‘ಇದನ್ನ ಜ್ವಾಪಾನ ಮಾಡ್ರಿ.’ ಜೋಪಾನ ಮಾಡಿದೆ ನೋಡಿ, ಎಂಥಾ ಜೋಪಾನ! ಪ್ರತಿ ವರ್ಷ ಆಯುಧಪೂಜೆಗೆ ಆ ಚೀಟಿಯ ಮೇಲೆಯೇ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಮರುದಿನ ಒದ್ದೆ ಬಟ್ಟೆಯಲ್ಲಿ ತಿಕ್ಕಿ ಒರೆಸುವುದು.

ಕೆಲವು ವರ್ಷದ ಮೇಲೆ ಬೋರ್ಡ್ ಮತ್ತೆ ಹೋಯಿತು. ಪರೀಕ್ಷೆಯ ಅರ್ಜಿ ತುಂಬಲು ಮರುದಿನವೇ ಕೊನೆ. ಕೊಂಡಜ್ಜಿ ಊರಿನ ಕಡೆಯ ಹುಡುಗಿಯರು ಅಂಗಡಿಯ ಮುಂದೆ ಕೂತಿದ್ದರು. ಬೆಳಿಗ್ಗೆಯೇ ದಾವಣಗೆರೆಗೆ ಓಡಿದೆ. ಸಾಬ್ರು ಚೀಟಿಯ ಮೇಲೆ ಭೂತಗನ್ನಡಿ ಹಿಡಿದರು. ಬೆಳ್ಳಗಿನ ಕಾಗದ, ಒಂದು ಅಕ್ಷರ ಉಳಿದಿರಲಿಲ್ಲ. ‘ಶಿವ ಬಂದು ಕೂತಾನ, ನಂಬರ್ ಎದ್ದು ಹೋಗೈತೆ’ ಎಂದು ನಕ್ಕರು. ಹಳೆಯ ಡಿಸ್ಕಿನಿಂದ ನಂಬರ್ ತೆಗೆಯಬಹುದು, ನಾಳೆ ಬನ್ನಿ ಎಂದರು. ಆಮೇಲೆ ಅದೇ ಪ್ರಶ್ನೆ: ‘ಎಷ್ಟ್ರಾಗೆ ಹಾಕೀರಿ?’

ಮಗಳಿಗೆಂದು ಮನೆಯಲ್ಲಿಟ್ಟ ಕಂಪ್ಯೂಟರಿಗೂ ತಮ್ಮನ ಕೈಲಿ ಅದೇ ನಂಬರ್ ಹಾಕಿಸಿದ್ದೆ. ಅವರ ಮುಖ ನೋಡುತ್ತ ಸುಳ್ಳು ಬಾಯಿಗೆ ಬರಲಿಲ್ಲ, ಹೇಳಿಬಿಟ್ಟೆ.

‘ಮನೀದು ತೆಗೆದುಬಿಡ್ರಿ. ಆಮ್ಯಾಲೆ ಫೋನ್ ಮಾಡೋಣ.’

‘ಯಾರು ಬಂದು ನೋಡ್ತಾರೆ ಸಾಬ್ರೆ?’

‘ಯಾರೂ ನೋಡಲ್ರಿ. ಕದ್ದೋರಿಗೆ ಗೊತ್ತಿರ್ತೈತಲ್ಲ.’

ಕದ್ದವರು! ನನಗೆ ಮೈಯೆಲ್ಲ ಉರಿಯಿತು. ‘ನಿಮ್ಮ ಸತ್ಯ ಕಟ್ಟಿಕೊಂಡು ನನಗೇನಾಗಬೇಕು? ಅದಕ್ಕೇ ನಿಮ್ಮ ಅಂಗಡೀಲಿ ನೊಣ ಹಾರ್ತಾ ಇವೆ. ಬೋರ್ಡ್ ಮಾತ್ರ ಕೂರಿಸಿ ಇಡ್ರಿ, ಸಂಜೆ ಒಯ್ತೀನಿ’ ಅಂದೆ. ನಾಲಿಗೆಗೆ ಎಲುಬಿಲ್ಲ ಎನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು. ಸಾಬ್ರು ಕನ್ನಡಕ ಒರೆಸಿಕೊಂಡರು. ‘ಆತ್ರಿ ಅಕ್ಕಾರ’ ಅಂದರು, ಅಷ್ಟೇ.

ಸಂಜೆ ಹೋದಾಗ ಅವರು ನಮಾಜಿಗೆ ಹೋಗಿದ್ದರು. ಕಂಪ್ಯೂಟರು ಟವೆಲ್ ಸುತ್ತಿಕೊಂಡು ಮೇಜಿನ ಮೇಲೆ ಕೂತಿತ್ತು. ಬಾಜೂ ಚಹಾದಂಗಡಿಯವನು, ‘ಕೂಡ್ರಿ, ಸಾಬ್ರು ಬರಾತನ ನಿಲ್ಲಿಸು ಅಂದಾರೆ, ಏನೋ ಹೇಳೋದೈತಂತೆ’ ಅಂದ. ನಾನು ಕೂರಲಿಲ್ಲ. ಬೇರೆ ಅಂಗಡಿಯಲ್ಲಿ ಅರ್ಧ ಗಂಟೆಗೆ ವಿಂಡೋಸಿನ ಕಳ್ಳ ಕಾಪಿ ಹಾಕಿಕೊಟ್ಟರು, ಅರ್ಜಿಗಳೂ ಹೋದವು. ಅಲ್ಲಿಗೆ ಬಿಟ್ಟೆನೇ? ಹರಿಹರದಲ್ಲಿ ಜೆರಾಕ್ಸ್ ಅಂಗಡಿಯವರೆಲ್ಲ ನನ್ನ ಮಾತಿನ ಮೇಲೆಯೇ ಅವರಲ್ಲಿಗೆ ಹೋಗುತ್ತಿದ್ದವರು. ‘ಅಲ್ಲಿಗೆ ಹೋಗಬೇಡ್ರಿ, ಕೆಲಸ ಕಮ್ಮಿ, ಉಪದೇಶ ಜಾಸ್ತಿ’ ಎಂದು ಅವರಿಗೆಲ್ಲ ಹೇಳಿದೆ. ಅವರೂ ಬಿಟ್ಟರು.

ಸಾಬ್ರು ಅಂಗಡಿ ಮುಚ್ಚಿದರಂತೆ ಎಂದು ಕೇಳಿದೆ. ಮನೆಯಲ್ಲಿ ಮಿಕ್ಸಿ ರಿಪೇರಿ ಮಾಡುತ್ತಾರಂತೆ ಎಂದೂ ಕೇಳಿದೆ. ಒಮ್ಮೆ ಹೋಗಿ ಮಾತಾಡಿಸಬೇಕು ಎಂದುಕೊಂಡೆ, ನಾಚಿಕೆ ಬಿಡಲಿಲ್ಲ. ಆಮೇಲೆ ಹೋಗುವುದಕ್ಕೆ ಅವರೇ ಇರಲಿಲ್ಲ. ಮಣ್ಣಾಗಿ ತಿಂಗಳಾದ ಮೇಲೆ ನನಗೆ ಸುದ್ದಿ ಮುಟ್ಟಿತು.

ಈಚೆಗೆ ಬೋರ್ಡ್ ಮೂರನೆಯ ಸಲ ಹೋಯಿತು. ವಿದ್ಯಾನಗರದ ಒಂದು ಅಂಗಡಿಗೆ ಒಯ್ದೆ. ಅಲ್ಲಿಯವನು ಬದಿಯ ತಗಡು ಬಿಚ್ಚಿ, ‘ಅಕ್ಕಾ, ಒಳಗೇನೋ ಬರ್ದಾರಲ್ಲ’ ಎಂದು ನನ್ನ ಕಡೆ ತಿರುಗಿಸಿದ. ಸಾಬ್ರ ಅಕ್ಷರ. ವಿಂಡೋಸಿನ ನಂಬರು ಪೂರಾ, ಅಳಿಸದ ಕಪ್ಪು ಮಸಿಯಲ್ಲಿ. ಕೆಳಗೆ: ‘ಅಕ್ಕಾರ, ಇಲ್ಲಿ ವಿಭೂತಿ ಹತ್ತಲ್ಲ. ಮನೀದು ತೆಗೆದು ಬರ್ರಿ, ಫೋನ್ ಮಾಡೋಣ. ಸಿಟ್ಟು ಬ್ಯಾಡ.’

ನಾನು ಬೈದು ಹೋದ ಅದೇ ದಿನ, ಸಂಜೆಯೊಳಗೆ ಬರೆದದ್ದು. ಇಷ್ಟು ವರ್ಷ ನಾನು ಹೊರಗೆ ಪೂಜೆ ಮಾಡುತ್ತಲೇ ಇದ್ದೆ, ಒಳಗೆ ಅದು ನನಗಾಗಿ ಕಾದು ಕೂತಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅಂಗಡಿಯ ಸ್ಟೂಲಿನ ಮೇಲೆ ಕೂತು ಅತ್ತೆ. ಆ ಹುಡುಗ ಪಾಪ, ‘ಡೇಟಾ ಹೋಗಿಲ್ಲ ಅಕ್ಕಾ’ ಎಂದು ಸಮಾಧಾನ ಹೇಳಿದ.

ಬೋರ್ಡ್ ಕೂರಿಸಿದ ಮೇಲೆ, ಕಳ್ಳ ಕಾಪಿ ಹಾಕಲೇ ಅಂದ. ಬೇಡ, ಫೋನ್ ಮಾಡು ಅಂದೆ. ಅವನು ಓದಿದ, ನಾನು ಒತ್ತಿದೆ. ಕೊನೆಗೆ ಆ ಹೆಣ್ಣುದನಿ ಕೇಳಿತು, ಎಷ್ಟು ಕಂಪ್ಯೂಟರಿನಲ್ಲಿ ಎಂದು. ಮನೆಯದು ಗುಜರಿಗೆ ಹೋಗಿ ಎರಡು ವರ್ಷವಾಗಿತ್ತು.

‘ಒಂದೇ ರೀ ಮೇಡಂ’ ಎಂದು ಬಾಯಿಬಿಟ್ಟೇ ಹೇಳಿ ಒತ್ತಿದೆ. ಹುಡುಗ ನಕ್ಕ: ‘ಅಕ್ಕಾ, ಅದು ಮಷೀನು!’