ಮುನಿತಾಯಮ್ಮನ ಲೆಕ್ಕದ ಪುಸ್ತಕ

ಕೈಲಾಂಚದ ಪಕ್ಕದ ನಮ್ಮೂರ ಸರ್ಕಾರಿ ಶಾಲೆಯ ಸಮಿತಿ ಅಧ್ಯಕ್ಷೆ ಮುನಿತಾಯಮ್ಮ ಹಿಪ್ಪುನೇರಳೆ ಸೊಪ್ಪಿನ ಹೊರೆಯ ಜೊತೆಗೇ ಲೆಕ್ಕದ ಪುಸ್ತಕವನ್ನೂ ಹೊತ್ತು ತಿರುಗುತ್ತಾರೆ. ಸೀಮೆಸುಣ್ಣ ಬಂದರೆ ಒಂದೊಂದೇ ಕಡ್ಡಿ ಎಣಿಸಿ, ಮುರಿದದ್ದನ್ನು ಅರ್ಧವೆಂದೇ ಬರೆಯುತ್ತಾರೆ. "ಬರೀದಿದ್ರೆ ನಾವು ಮಾಡೇ ಇಲ್ಲ ಅಂದ್ಬುಡ್ತಾರೆ ಕಣ್ರವ್ವಾ" ಎನ್ನುತ್ತಾರೆ. ಹೆಣ್ಣುಮಕ್ಕಳ ಶೌಚಾಲಯಕ್ಕೆ ಅನುದಾನ ಬೇಕಾದರೆ ಊರವರ ಪಾಲು ತೋರಿಸಿ ಎಂದು ಶಿಕ್ಷಣ ಇಲಾಖೆಯ ಸಾಹೇಬರು ಪಟ್ಟು ಹಿಡಿದಾಗ ಗಂಡಸರು ಜೇಬು ಮುಟ್ಟಿಕೊಂಡರು. ಇವರು ಪುಸ್ತಕ ಬಿಚ್ಚಿದರು. ಬಿಸಿಯೂಟಕ್ಕೆ ಬಿಟ್ಟಿ ನೀರು ಹೊತ್ತ, ಅಂಗಳ ಗುಡಿಸಿದ ತಾಯಂದಿರ ಹೆಸರು, ದಿನ, ಕೊಟ್ಟಿದ್ದರೆ ಆಗುತ್ತಿದ್ದ ಕೂಲಿ ಎಲ್ಲವೂ ಅಲ್ಲಿತ್ತು. "ಇದೇ ನೋಡಿ ಸಾ ಊರೋರ ಪಾಲು" ಎಂದರು. "ಮನೆಗೆಲಸಕ್ಕೂ ಲೆಕ್ಕಾನೇನಮ್ಮಾ?" ಎಂದು ಸಾಹೇಬರು ನಕ್ಕರು. "ಒಂದ್ ಕೊಡ ನೀವೇ ಹೊತ್ಕಂಡ್ ಬನ್ನಿ ಸಾ, ಆಮೇಲೆ ಈ ಲೆಕ್ಕ ಹೊಡ್ದಾಕಿ" ಎಂದರು ಮುನಿತಾಯಮ್ಮ. ಸಾಹೇಬರು ರುಜು ಹಾಕಿದರು, ಶೌಚಾಲಯ ಎದ್ದಿತು. ಈಗ ಮನೆಯಲ್ಲೂ ಒಂದು ಪುಸ್ತಕವಿದೆ. "ತಟ್ಟೆ ತೊಳ್ದಿವ್ನಿ, ಬರ್ಕೊಂಡ್ಯಾ?" ಎಂದು ಗಂಡ ಚಿಕ್ಕಯ್ಯ ಕೇಳಿದರೆ, "ತೊಳ್ದಿದ್ದು ನಿನ್ ತಟ್ಟೆ ಒಂದೇ ಅಲ್ವಾ, ಅರ್ಧ ಬರ್ದಿವ್ನಿ" ಎಂದು ನಗುತ್ತಾರೆ.